ಅಟ್ಟದಲ್ಲಿ ಫೋನು, ಕೆಳಗೆ ಲ್ಯಾಪ್‌ಟಾಪು

ತಿಂಗಳಲ್ಲಿ ಎರಡು ತಾರೀಕು ನನ್ನ ತಲೆಯಲ್ಲಿ ಸದಾ ಓಡುತ್ತಿರುತ್ತವೆ. 11 ಮತ್ತು 20. ಅಂಗಡಿಯವರ ಜಿಎಸ್‌ಟಿಆರ್-1 (ಹಿಂದಿನ ತಿಂಗಳ ಮಾರಾಟದ ವಿವರ) ಹನ್ನೊಂದರೊಳಗೆ ಹೋಗಬೇಕು, 3ಬಿ (ಆ ತಿಂಗಳ ತೆರಿಗೆ ಲೆಕ್ಕದ ರಿಟರ್ನ್) ಇಪ್ಪತ್ತರೊಳಗೆ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆ ಇದ್ದರೆ ಅದರ ಮೇಲೆ ವರ್ಷಕ್ಕೆ ಶೇ. 18ರ ಲೆಕ್ಕದಲ್ಲಿ ಬಡ್ಡಿ. ದುಡ್ಡು ಯಾರ ಜೇಬಿನಿಂದ ಹೋದರೂ ಬೈಸಿಕೊಳ್ಳುವುದು ಲೆಕ್ಕ ಬರೆಯುವವರು.

ಮೂಡಿಗೆರೆ ತಾಲ್ಲೂಕಿನ ಬಣಕಲ್ ಕಡೆಯ ಒಂದು ತೋಟದ ಮನೆಯಿಂದ ನಾನು ಈ ಕೆಲಸ ಮಾಡುತ್ತೇನೆ. ಗಿರಾಕಿಗಳು ಅಂದರೆ ಒಂದಷ್ಟು ಹಾರ್ಡ್‌ವೇರ್ ಅಂಗಡಿ, ಗೊಬ್ಬರದ ಅಂಗಡಿ, ಕಾಳುಮೆಣಸಿನ ವ್ಯಾಪಾರಿಗಳು. ಮನೆಗೆ ಫೈಬರ್ ನೆಟ್ ಇತ್ತು. ಕಂಬದಿಂದ ಕಂಬಕ್ಕೆ, ಕಂಬ ಇಲ್ಲದ ಕಡೆ ಮರದಿಂದ ಮರಕ್ಕೆ ಕಟ್ಟಿಸಿಕೊಂಡು ತೋಟದೊಳಗೆ ಬಂದಿದ್ದ ವೈರು. ಆರಿದ್ರಾ ಮಳೆಯಲ್ಲಿ ಒಂದು ಸಿಲ್ವರ್ ಓಕ್ ಅಡ್ಡ ಬಿದ್ದು ಅದನ್ನು ಕಿತ್ತುಕೊಂಡು ಹೋಯಿತು. ಕಂಪನಿಗೆ ಫೋನ್ ಮಾಡಿದರೆ "ನಾಳೆ ಹುಡುಗ್ರನ್ನ ಕಳಿಸ್ತೀವಿ ಮೇಡಂ" ಅಂದರು. ಮಾರನೇ ದಿನವೂ ಅದೇ ಮಾತು. ಹಿಂದೆ ದೆವ್ವ ಬರದಿರಲಿ ಅಂತ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು. ಈಗ ಅದನ್ನು ಗಿರಾಕಿಗೆ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಹಾಗಾಗಿ ಫೋನಿನ ನೆಟ್ಟನ್ನೇ ಲ್ಯಾಪ್‌ಟಾಪಿಗೆ ಕೊಡುವುದು ಅಂತಾಯಿತು. ಇದೇನೂ ಹೊಸ ವಿದ್ಯೆಯಲ್ಲ. ಕಾಲೇಜಿನಲ್ಲಿದ್ದಾಗ ನೋಕಿಯಾ ಫೋನನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ, *99# ಡಯಲ್ ಮಾಡಿ, ಜಿಪಿಆರ್‌ಎಸ್‌ನಲ್ಲಿ ರಿಸಲ್ಟ್ ನೋಡಿದವಳು ನಾನು. ಆಮೇಲೆ ಯುಎಸ್‌ಬಿಗೆ ಚುಚ್ಚುವ ಡಾಂಗಲ್‌ಗಳು ಬಂದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾಗಿ ಡಾಟಾ ಅಗ್ಗವಾದಮೇಲೆ ಆ ಡಾಂಗಲ್ಲೂ ಮೂಲೆ ಸೇರಿತು. ಹಾಟ್‌ಸ್ಪಾಟ್ ಹಾಕುವುದು ಈಗ ಮಕ್ಕಳಿಗೂ ಗೊತ್ತು. ಆದರೆ ಯಾವತ್ತೋ ಒಮ್ಮೆ ಹಾಕಿ ಒಂದು ಮೇಲ್ ಕಳಿಸುವುದು ಬೇರೆ, ದಿನವಿಡೀ ಅದನ್ನೇ ನಂಬಿಕೊಂಡು ದುಡಿಯುವುದು ಬೇರೆ.

ಮೊದಲ ತೊಂದರೆ ಸಿಗ್ನಲ್ಲು. ನಮ್ಮ ಮನೆ ಇರುವುದು ತಗ್ಗಿನಲ್ಲಿ. ಸುತ್ತ ಗುಡ್ಡ, ಗುಡ್ಡದ ತುಂಬ ಮರ. ಮೈದುನನ ಮಗ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಕೊಡೆ ಹಿಡಿದು ಗುಡ್ಡ ಹತ್ತಿದ ಮಲೆನಾಡಿನ ಮಕ್ಕಳಲ್ಲಿ ಅವನೂ ಒಬ್ಬ. ಹಾಗಾಗಿ ನೆಟ್‌ವರ್ಕ್ ವಿಷಯದಲ್ಲಿ ಅವನ ಮಾತಿಗೆ ಮನೆಯಲ್ಲಿ ಬೆಲೆ ಜಾಸ್ತಿ.

"ದೊಡ್ಡಮ್ಮ, ಮೇಲೆ ಕಾಣೋ ಕಡ್ಡಿ ನೋಡ್ಬೇಡಿ. ಅದು ಸುಮ್ನೆ. ನಂಬರ್ ನೋಡಿ" ಅಂದ.

ನಂಬರ್ ಇರುವುದು ಸೆಟ್ಟಿಂಗ್ಸ್‌ನೊಳಗೆ. ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್, ಅಲ್ಲಿ ಸಿಗ್ನಲ್ ಸ್ಟ್ರೆಂತ್ ಅಂತ ಡಿಬಿಎಂ ಲೆಕ್ಕದಲ್ಲಿ ಒಂದು ಸಂಖ್ಯೆ, ಮುಂದೆ ಮೈನಸ್. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ -90ರ ಆಸುಪಾಸು ಇದ್ದರೆ ಆರಾಮ, -115 ದಾಟಿತೋ ಒದ್ದಾಟ. ಇದರಲ್ಲೊಂದು ಗಮ್ಮತ್ತಿದೆ. 10 ಕಮ್ಮಿಯಾದರೆ ಸಿಗ್ನಲ್ಲಿನ ಬಲ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ, 20 ಕಮ್ಮಿಯಾದರೆ ನೂರನೇ ಒಂದು ಪಾಲಿಗೆ. ನೋಡಲಿಕ್ಕೆ ಸಣ್ಣ ವ್ಯತ್ಯಾಸ, ಆದರೆ ಅದರಲ್ಲೇ ಎಲ್ಲ ಇದೆ.

ಫೋನ್ ಹಿಡಿದು ಮನೆ ತುಂಬ ಓಡಾಡಿದೆ. ಅಡುಗೆಮನೆಯಲ್ಲಿ -118. ಜಗಲಿಯಲ್ಲಿ ಚೆನ್ನಾಗಿರಬೇಕಿತ್ತು, ಆದರೆ ಇರಚಲು ಹೊಡೆಯದಿರಲಿ ಅಂತ ಜಿಂಕ್ ಶೀಟು ಕಟ್ಟಿದ್ದೆವು. ತಗಡು ಸಿಗ್ನಲ್ಲನ್ನು ಒಳಗೆ ಬಿಡುವುದಿಲ್ಲ, ಅಲ್ಲೂ -112. ನಡುಮನೆ, ದೇವರ ಕೋಣೆ ಎಲ್ಲ ಕಡೆ ನಿಂತು ನಿಂತು ನೋಡುತ್ತಿದ್ದಾಗ ಅತ್ತೆ "ಏನಮ್ಮ ಅದು, ಮನೆಯ ವಾಸ್ತು ನೋಡ್ತಿದ್ದೀಯ?" ಅಂದರು. ಕೊನೆಗೆ ಏಣಿ ಹತ್ತಿ ಅಟ್ಟಕ್ಕೆ ಹೋದೆ. ಪೂರ್ವದ ಕಡೆ ಒಂದು ಪುಟ್ಟ ಕಿಟಕಿ ಇದೆ, ಗಾಜಿಲ್ಲದ ಮರದ ಬಾಗಿಲಿನದು. ಅದರ ದಂಡೆಯ ಮೇಲೆ ಇಟ್ಟಾಗ -98. ಅಡುಗೆಮನೆಗಿಂತ ನೂರು ಪಟ್ಟು. ಕಿಟಕಿಯಿಂದ ಎರಡು ಮಾರು ಈಚೆಗೆ ತಂದರೆ ಮತ್ತೆ ಇಳಿಯಿತು.

ಮಳೆ ಬಂದರೆ ನೆಟ್ ಹೋಗುತ್ತದೆ ಅನ್ನುವುದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು. ಅರ್ಧ ಮಾತ್ರ ನಿಜ. ಮೊಬೈಲಿಗೆ ಬರುವ 4ಜಿ ಅಲೆಗಳನ್ನು ಮಳೆಹನಿ ಅಷ್ಟೇನೂ ತಡೆಯುವುದಿಲ್ಲ. 4ಜಿ ಇಲ್ಲಿ ಓಡುವುದು 850, 1800, 2300 ಮೆಗಾಹರ್ಟ್ಸ್ ಥರದ ಬ್ಯಾಂಡುಗಳಲ್ಲಿ. ಹನಿಗಳು ನಿಜವಾಗಿ ಕಾಟ ಕೊಡುವುದು 10 ಗಿಗಾಹರ್ಟ್ಸ್ ದಾಟಿದಮೇಲೆ. ಆದರೆ ಗುಡ್ಡಗಾಡಿನ ಎಷ್ಟೋ ಟವರುಗಳಿಗೆ ಫೈಬರ್ ಬಂದಿರುವುದಿಲ್ಲ. ಟವರಿನ ಮೇಲೆ ದುಂಡಗೆ ಡೋಲಿನಂತೆ ಕಾಣುತ್ತದಲ್ಲ, ಆ ಮೈಕ್ರೋವೇವ್ ಆಂಟೆನಾದಿಂದ ಇನ್ನೊಂದು ಟವರಿಗೆ ಕೊಂಡಿ. ಜೋರು ಮಳೆ ಹೊಡೆತ ಕೊಡುವುದು ಆ ಕೊಂಡಿಗೆ. ತೊಯ್ದ ಎಲೆಗಳೂ ಸಿಗ್ನಲ್ಲನ್ನು ಹೀರುತ್ತವೆ. ಎಲ್ಲಕ್ಕಿಂತ ದೊಡ್ಡದು ಕರೆಂಟು. ಲೈನ್ ಹೋದರೆ ಟವರು ಸ್ವಲ್ಪ ಹೊತ್ತು ಬ್ಯಾಟರಿಯ ಮೇಲೆ ನಡೆಯುತ್ತದೆ, ಆಮೇಲೆ ಜನರೇಟರಿಗೆ ಡೀಸೆಲ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಡ್ಡಿ ತುಂಬ ಇದ್ದೂ ಪೇಜು ತೆರೆಯದಿದ್ದರೆ ಕೊಂಡಿ ಕೈಕೊಟ್ಟಿರಬಹುದು ಅಂದುಕೊಳ್ಳುತ್ತೇನೆ, ಕಡ್ಡಿಯೇ ಮಾಯವಾದರೆ ಟವರು ಮಲಗಿದೆ ಅಂತ. ಎರಡಕ್ಕೂ ನಾವು ಮಾಡುವಂಥದ್ದೇನಿಲ್ಲ, ಕಾಫಿ ಕುಡಿಯಬಹುದು.

ಅಟ್ಟದ ಕಿಟಕಿಯಲ್ಲಿ ಫೋನಿಟ್ಟು ಹಾಟ್‌ಸ್ಪಾಟ್ ಹಾಕಿ ಕೆಳಗೆ ಮೇಜಿನ ಮೇಲೆ ಕೆಲಸ ಶುರು ಮಾಡಿದೆ. ಹಾಟ್‌ಸ್ಪಾಟಿನಲ್ಲಿ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಅಂತ ಎರಡು ಬಗೆ. 5 ಜಾಸ್ತಿ ವೇಗ, ಆದರೆ ಗೋಡೆ ದಾಟುವುದರಲ್ಲಿ ಹಿಂದೆ. ನಮ್ಮದು ದಪ್ಪ ಮಣ್ಣಿನ ಗೋಡೆಯ ಹೆಂಚಿನ ಮನೆ. 2.4 ಅಟ್ಟದ ಹಲಗೆ ದಾಟಿ ಆರಾಮಾಗಿ ಕೆಳಗೆ ಬರುತ್ತದೆ. ಅಷ್ಟಕ್ಕೂ ಟವರಿನಿಂದ ಬರುವುದೇ ಸೆಕೆಂಡಿಗೆ ಐದಾರು ಮೆಗಾಬಿಟ್ (ಎಂಬಿಪಿಎಸ್) ಇರುವಾಗ ಫೋನಿನಿಂದ ಲ್ಯಾಪ್‌ಟಾಪಿಗೆ ನೂರು ಓಡಿದರೇನು, ಇನ್ನೂರು ಓಡಿದರೇನು?

ಇನ್ನೊಂದು ಸಣ್ಣ ಕಿರಿಕಿರಿ ಇತ್ತು. ಊಟಕ್ಕೆ ಎದ್ದು ಹೋದರೆ ಲ್ಯಾಪ್‌ಟಾಪು ನಿದ್ದೆ ಮಾಡುತ್ತದೆ. ಯಾರೂ ಜೋಡಣೆಯಲ್ಲಿಲ್ಲ ಅಂತ ಫೋನು ಹಾಟ್‌ಸ್ಪಾಟನ್ನು ತಾನಾಗೇ ಆರಿಸುತ್ತದೆ. ಮತ್ತೆ ಏಣಿ ಹತ್ತಬೇಕು. ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲೇ ತಾನಾಗಿ ಆಫ್ ಆಗುವ ಆಯ್ಕೆ ಇರುತ್ತದೆ, ಅದನ್ನು ತೆಗೆದು ಹಾಕಿದಮೇಲೆ ನನ್ನ ಮೊಣಕಾಲಿಗೆ ಸುಖವಾಯಿತು.

ಇಷ್ಟಾದಮೇಲೆ ಎದುರಾದದ್ದು ಡಾಟಾದ ಪ್ರಶ್ನೆ. ನನ್ನದು ದಿನಕ್ಕೆ 2 ಜಿಬಿ ಪ್ಲಾನು. ಜಿಎಸ್‌ಟಿ ಕೆಲಸಕ್ಕೆ ಇದು ಧಾರಾಳ. ರಿಟರ್ನ್ ತುಂಬುವುದು, ಚಲನ್ ತೆಗೆಯುವುದು, ಒಂದಷ್ಟು ಪಿಡಿಎಫ್, ಎಕ್ಸೆಲ್ ಫೈಲು, ಎಲ್ಲ ಸೇರಿದರೂ ಕೆಲವು ನೂರು ಎಂಬಿ ದಾಟುವುದಿಲ್ಲ. ಹಾಗಿದ್ದೂ ಬೆಳಗ್ಗೆ ಕಾಫಿ ಲೋಟ ತೊಳೆದಿಡುವಷ್ಟರಲ್ಲಿ ಅರ್ಧ ಖರ್ಚಾಗಿದೆ ಅಂತ ಮೆಸೇಜು, ತಿಂಡಿ ಮುಗಿಯುವಷ್ಟರಲ್ಲಿ ಪೂರ್ತಿ ಖಾಲಿ ಅಂತ ಇನ್ನೊಂದು. ಆಮೇಲೆ ಸಿಗುವುದು 64 ಕೆಬಿಪಿಎಸ್. ಅಂದರೆ ಸೆಕೆಂಡಿಗೆ 8 ಕಿಲೋಬೈಟ್. 2 ಎಂಬಿಯ ಒಂದು ಪೇಜು ಬರಲಿಕ್ಕೆ ನಾಲ್ಕು ನಿಮಿಷ ಬೇಕು. ಅಷ್ಟು ಹೊತ್ತು ಕಾಯುವ ತಾಳ್ಮೆ ನನಗಿದ್ದರೂ ಜಿಎಸ್‌ಟಿ ಪೋರ್ಟಲ್ಲಿಗೆ ಇರುವುದಿಲ್ಲ.

ಯಾರು ತಿನ್ನುತ್ತಿದ್ದಾರೆ ಅಂತ ಲ್ಯಾಪ್‌ಟಾಪಿನ ಡಾಟಾ ಯೂಸೇಜ್ ತೆಗೆದು ನೋಡಿದರೆ ಪಟ್ಟಿಯಲ್ಲಿ ನನ್ನ ಬ್ರೌಸರ್ ಎಲ್ಲೋ ಕೆಳಗಿತ್ತು. ಮೇಲೆ ಕೂತಿದ್ದವು ವಿಂಡೋಸ್ ಅಪ್‌ಡೇಟು ಮತ್ತು ಒನ್‌ಡ್ರೈವ್. ಲ್ಯಾಪ್‌ಟಾಪಿಗೆ ವೈಫೈ ಅಂದರೆ ವೈಫೈ. ಅದು ಮನೆಯ ಫೈಬರೋ, ಅಟ್ಟದ ಮೇಲಿನ ಬಡಪಾಯಿ ಫೋನೋ ಅಂತ ತಾನಾಗಿ ಗೊತ್ತಾಗುವುದಿಲ್ಲ, ನಾವೇ ಹೇಳಬೇಕು. ಹೇಳುವ ಜಾಗ 'ಮೀಟರ್ಡ್ ಕನೆಕ್ಷನ್' ಅನ್ನುವ ಸ್ವಿಚ್ಚು. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಭಾಗಕ್ಕೆ ಹೋಗಿ, ಜೋಡಣೆಯಾಗಿರುವ ವೈಫೈನ ಪ್ರಾಪರ್ಟೀಸ್ ತೆರೆದರೆ ಸಿಗುತ್ತದೆ. ಅದನ್ನು ಆನ್ ಮಾಡಿದರೆ ದೊಡ್ಡ ಅಪ್‌ಡೇಟುಗಳು ಬಹುಮಟ್ಟಿಗೆ ನಿಲ್ಲುತ್ತವೆ, ಒನ್‌ಡ್ರೈವ್ ಕೂಡ ಕೈಕಟ್ಟಿ ಕೂರುತ್ತದೆ. ಮೀಟರ್ಡ್ ಆದಮೇಲೂ ಕ್ರೋಮ್‌ನಲ್ಲಿ ವಿಡಿಯೊ ತೆರೆದರೆ ಅದು ಓಡಿಯೇ ಓಡುತ್ತದೆ. ಅಂದರೆ ಅದು ವಿಂಡೋಸ್‌ಗೆ ಕಡಿವಾಣ, ನಮಗಲ್ಲ. ಫೋನಿನಲ್ಲಿ ಫೋಟೋ ಬ್ಯಾಕಪ್ಪನ್ನೂ ವೈಫೈಗೆ ಮಾತ್ರ ಅಂತ ಮಾಡಿಟ್ಟೆ.

ಮನುಷ್ಯರೂ ಇದ್ದಾರಲ್ಲ. ಒಂದು ಭಾನುವಾರ ನೆಂಟರ ಹುಡುಗರು ಬಂದವರು ಅತ್ತೆಯಿಂದ ಪಾಸ್‌ವರ್ಡ್ ತಿಳಿದುಕೊಂಡು ಗೇಮ್ ಇಳಿಸಿಕೊಂಡರು. ಹಾಟ್‌ಸ್ಪಾಟಿನಲ್ಲಿ ಎಷ್ಟು ಜನ ಸೇರಬಹುದು ಅಂತ ಮಿತಿ ಇಡಲಿಕ್ಕೆ ಬರುತ್ತದೆ. ಎರಡಕ್ಕೆ ಇಟ್ಟೆ. ನೆಂಟಸ್ತಿಕೆ ಹಾಳಾಗಲಿಲ್ಲ.

ಇನ್ನು ಓಟಿಪಿಯ ಕತೆ. ನಿಜವಾಗಿ ನನ್ನ ತಲೆ ತಿಂದದ್ದು ಇದೇ.

ರಿಟರ್ನ್ ಫೈಲ್ ಮಾಡುವಾಗ ಓಟಿಪಿ ಹೋಗುವುದು ಅಂಗಡಿ ಮಾಲೀಕರ ಮೊಬೈಲಿಗೆ. ಅವರು ನನಗೆ ಫೋನ್ ಮಾಡಿ ಹೇಳಬೇಕು, ನಾನು ಕೇಳಿಸಿಕೊಂಡು ಹಾಕಬೇಕು. ಫೈಬರ್ ಇದ್ದಾಗ ಇದು ಎರಡು ನಿಮಿಷದ ಕೆಲಸ. ಈಗ ಏನಾಗುತ್ತಿತ್ತು ಅಂದರೆ, ಎಲ್ಲ ತುಂಬಿ, ಬಟನ್ ಒತ್ತಿ, ಓಟಿಪಿ ಪೆಟ್ಟಿಗೆ ತೆರೆದುಕೊಂಡು ಕೂತಿರುತ್ತದೆ. ಫೋನ್ ರಿಂಗಾಗುತ್ತದೆ. "ಮೇಡಂ, ಬರ್ಕೊಳ್ಳಿ, ನಾಲ್ಕು... ಏಳು..." ಆರು ಅಂಕಿ ಹಾಕಿ ಒತ್ತಿದರೆ ಗುಂಡಗೆ ತಿರುಗುತ್ತದೆ, ತಿರುಗುತ್ತದೆ, ಆಮೇಲೆ ನೆಟ್ ಇಲ್ಲ. ಫೋನ್ ಇಟ್ಟ ತಕ್ಷಣ ನೆಟ್ ವಾಪಸ್. ಮತ್ತೆ ಓಟಿಪಿ ಕಳಿಸು, ಮತ್ತೆ ಅವರು ಫೋನ್ ಮಾಡು, ಮತ್ತೆ ಅದೇ. ಮೆಣಸಿನ ಸಾಹುಕಾರರೊಬ್ಬರು "ಏನ್ ಮೇಡಂ, ನನ್ ದನಿ ಕೇಳಿದ್ರೆ ಸಾಕು ನಿಮ್ ಕಂಪ್ಯೂಟ್ರು ಹೆದರ್ಕೊಳ್ಳುತ್ತಲ್ಲ" ಅಂದರು. ಮೊದಲು ನಾನು ಪೋರ್ಟಲ್ಲನ್ನೇ ಅನುಮಾನಿಸಿದ್ದೆ, 20ನೇ ತಾರೀಕಿನ ರಶ್ ಅಂತ.

ಕಾರಣ ಫೋನಿನೊಳಗೇ ಇತ್ತು. ನನ್ನದು ಎರಡು ಸಿಮ್ಮಿನ ಫೋನು. ಗಿರಾಕಿಗಳ ಹತ್ತಿರ ಇರುವುದು ಹಳೇ ನಂಬರು, ಡಾಟಾ ಇರುವುದು ಇನ್ನೊಂದು ಸಿಮ್ಮಿನಲ್ಲಿ. ಸಿಮ್ ಎರಡಿದ್ದರೂ ಸಾಮಾನ್ಯ ಫೋನುಗಳಲ್ಲಿ ಒಂದು ಸಿಮ್ಮಿನಲ್ಲಿ ಮಾತಾಡುವಾಗ ಇನ್ನೊಂದು ಸಿಮ್ಮಿನ ಡಾಟಾ ನಿಂತುಬಿಡುತ್ತದೆ. ಎರಡೂ ಕಾಯುತ್ತಾ ಕೂರಬಲ್ಲವು, ಎರಡೂ ಒಟ್ಟಿಗೆ ದುಡಿಯಲಾರವು. ಒಂದೇ ಸಿಮ್ಮಿನಲ್ಲಿ ವೋಲ್ಟಿ ಇದ್ದರೆ ಮಾತು, ಡಾಟಾ ಎರಡೂ ಒಟ್ಟಿಗೆ ಸಾಗುತ್ತವೆ. ಮಾತು ಕೂಡ ಆಗ 4ಜಿಯಲ್ಲೇ ಹೋಗುತ್ತದಲ್ಲ, ಅದಕ್ಕೆ. ಕೆಲವು ಫೋನುಗಳಲ್ಲಿ ಕರೆ ಬಂದಾಗ ಡಾಟಾವನ್ನೂ ಆ ಸಿಮ್ಮಿಗೇ ತಾತ್ಕಾಲಿಕವಾಗಿ ಬದಲಿಸುವ ಸೌಲಭ್ಯ ಇದೆ. ಆದರೆ ನನ್ನ ಹಳೇ ನಂಬರಿನಲ್ಲಿ ಡಾಟಾ ಪ್ಯಾಕೇ ಇಲ್ಲ.

ಗಿರಾಕಿಗಳಿಗೆಲ್ಲ ಹೊಸ ನಂಬರ್ ಕೊಡುವುದು ಅಂದರೆ ಆಗದ ಮಾತು. ಬದಲಿಗೆ ಕಪಾಟಿನಲ್ಲಿ ಮಲಗಿದ್ದ ನಮ್ಮೆಜಮಾನ್ರ ಹಳೇ 4ಜಿ ಫೋನನ್ನು ಎಬ್ಬಿಸಿದೆ. ಗಾಜಿನ ಒಂದು ಮೂಲೆ ಒಡೆದಿದೆ, ಮಿಕ್ಕಂತೆ ಗಟ್ಟಿ. ಡಾಟಾ ಸಿಮ್ ಅದಕ್ಕೆ ಹಾಕಿ ಅಟ್ಟದ ಕಿಟಕಿಗೆ ಏರಿಸಿದೆ. ನನ್ನ ಫೋನು ನನ್ನ ಕೈಯಲ್ಲೇ ಉಳಿಯಿತು. ಅವತ್ತಿನಿಂದ ಓಟಿಪಿ ಹೇಳುವವರು ಹೇಳುತ್ತಾರೆ, ನೆಟ್ ತನ್ನ ಪಾಡಿಗೆ ತಾನಿರುತ್ತದೆ. ಇಷ್ಟೊಂದು ಸೆಟ್ಟಿಂಗ್ಸ್ ತಿರುವಿದ್ದಕ್ಕಿಂತ ಈ ಒಂದು ಬದಲಾವಣೆಯಿಂದ ಆದ ಉಪಕಾರವೇ ದೊಡ್ಡದು. ಹಳೇ ಫೋನ್ ಮನೆಯಲ್ಲಿದ್ದರೆ ಎಕ್ಸ್‌ಚೇಂಜಿಗೆ ಕೊಟ್ಟುಬಿಡಬೇಡಿ ಅಂತ ಈಗ ಎಲ್ಲರಿಗೂ ಹೇಳುತ್ತಿದ್ದೇನೆ.

ಇದರ ಜೊತೆಗೆ ಇನ್ನೊಂದು ಲಾಭವೂ ಸಿಕ್ಕಿತು. ಕೆಳಗೆ ಅಡುಗೆಮನೆಯಲ್ಲಿ ನನ್ನ ಫೋನಿಗೆ ಕರೆಯೇ ಸರಿಯಾಗಿ ಬರುತ್ತಿರಲಿಲ್ಲ. ವೈಫೈ ಕಾಲಿಂಗ್ ಆನ್ ಮಾಡಿ, ನನ್ನ ಫೋನನ್ನು ಅಟ್ಟದ ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿದೆ. ಈಗ ಒಗ್ಗರಣೆ ಹಾಕುತ್ತಲೂ ಮಾತಾಡಬಹುದು. ಮಾತಿಗೆ ಡಾಟಾ ತಗಲುವುದು ಬಹಳ ಕಮ್ಮಿ.

ಹಳೇ ಫೋನಿಗೆ ಸ್ವಲ್ಪ ಆರೈಕೆ ಬೇಕು. ಹಾಟ್‌ಸ್ಪಾಟ್ ಹಾಕಿಕೊಂಡು, ಮೇಲಿಂದ ಚಾರ್ಜಿಗೂ ಹಾಕಿದರೆ ಫೋನು ಬಿಸಿಯಾಗುತ್ತದೆ. ಕಾದಷ್ಟೂ ತಾನೇ ವೇಗ ಇಳಿಸಿಕೊಳ್ಳುತ್ತದೆ. ಸಿಗ್ನಲ್ ಕಮ್ಮಿಯಿದ್ದರಂತೂ ಟವರಿಗೆ ಕೂಗಿ ಕೂಗಿ ಬ್ಯಾಟರಿ ಇನ್ನೂ ಬೇಗ ಇಳಿಯುತ್ತದೆ. ಹಿಂದಿನ ಕವರ್ ತೆಗೆದಿಟ್ಟಿದ್ದೇನೆ. ದಿನಗಟ್ಟಲೆ ಚಾರ್ಜರಿಗೆ ಸಿಕ್ಕಿಸಿಯೇ ಬಿಟ್ಟರೆ ಹಳೇ ಬ್ಯಾಟರಿ ಊದಿಕೊಳ್ಳುವ ಭಯ ಇದೆ, ಅದೂ ಒಣ ಮರದ ಅಟ್ಟ. ಹಾಗಾಗಿ ರಾತ್ರಿ ಮಲಗುವಾಗ ಕೆಳಗೆ ತಂದು ಚಾರ್ಜಿನಿಂದ ಬಿಡಿಸಿ ಆಫ್ ಮಾಡುತ್ತೇನೆ. ಏಣಿ ಹತ್ತುವ ಕೆಲಸ ಪೂರ್ತಿ ತಪ್ಪಲಿಲ್ಲ ನೋಡಿ.

ಕೊನೇ ದಿನಾಂಕದ ದಿನ ಮಾತ್ರ ನಾನೇ ಲ್ಯಾಪ್‌ಟಾಪ್ ಎತ್ತಿಕೊಂಡು ಅಟ್ಟಕ್ಕೆ ಹೋಗುತ್ತೇನೆ, ಯುಎಸ್‌ಬಿ ಟೆದರಿಂಗಿಗೆ, ಅಂದರೆ ಫೋನಿನ ನೆಟ್ಟನ್ನು ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಕೊಡಲಿಕ್ಕೆ. ಕೇಬಲ್ಲಿನಲ್ಲಿ ನಡುವೆ ವೈಫೈ ಇಲ್ಲ, ಹಾಗಾಗಿ ಕಡಿದುಹೋಗುವುದು ಕಮ್ಮಿ. ಫೋನಿಗೆ ಚಾರ್ಜೂ ಆಗುತ್ತದೆ. ಮನೆಯಲ್ಲಿದ್ದ ಒಂದು ಕೇಬಲ್ ಸಿಕ್ಕಿಸಿದರೆ ಚಾರ್ಜ್ ಆಯಿತು, ಆದರೆ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಮಂಕಾಗಿಯೇ ಇತ್ತು, ಒತ್ತಲು ಬರಲಿಲ್ಲ. ಮೂಡಿಗೆರೆ ಪೇಟೆಯ ಮೊಬೈಲ್ ಅಂಗಡಿ ಹುಡುಗ ಕೇಬಲ್ ಕೈಗೆ ತಗೊಂಡು ಬಗ್ಗಿಸಿ ನೋಡಿ, "ಅಕ್ಕಾ, ಇದು ಬರೀ ಚಾರ್ಜಿಂಗ್ ಕೇಬಲ್ಲು. ಒಳಗೆ ಎರಡೇ ತಂತಿ. ಡಾಟಾದ್ದು ಬೇರೆ ಬರುತ್ತೆ" ಅಂದ. ಡಾಟಾ ಕೇಬಲ್ ಹಾಕಿದ ಕೂಡಲೇ ಲ್ಯಾಪ್‌ಟಾಪಿನಲ್ಲಿ ನೆಟ್ ಬಂತು, ಡ್ರೈವರ್ ಗೀವರ್ ಏನೂ ಕೇಳಲಿಲ್ಲ.

ಕೇಬಲ್ ಹಾಕುವವರು ಒಂದು ವಿಷಯ ನೆನಪಿಡಬೇಕು. ವಿಂಡೋಸ್ ಕಣ್ಣಿಗೆ ಅದು ವೈಫೈ ಅಲ್ಲ, ವೈರಿನಲ್ಲಿ ಬರುವ ನೆಟ್ಟು, ಅಂದರೆ ಈಥರ್‌ನೆಟ್. ವೈಫೈಗೆ ಹಾಕಿಟ್ಟ ಮೀಟರ್ಡ್ ಗುರುತು ಇದಕ್ಕೆ ಅನ್ವಯಿಸುವುದಿಲ್ಲ, ಮತ್ತೆ ಹಾಕಬೇಕು. ಅಟ್ಟದ ಹಳೇ ಫೋನಂತೂ ಪ್ರತಿ ಸಲ ಸಿಕ್ಕಿಸಿದಾಗಲೂ ಹೊಸ ನೆಟ್‌ವರ್ಕಿನ ಹಾಗೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಕೇಬಲ್ ಹಾಕಿದ ಕೂಡಲೇ ಮೊದಲ ಕೆಲಸ ಆ ಸ್ವಿಚ್ಚು.

ಕರೆಂಟ್ ಹೋದ ದಿನ ಕೇಬಲ್ ಬಿಟ್ಟು ಬ್ಲೂಟೂತ್ ಟೆದರಿಂಗ್ ಹಾಕುತ್ತೇನೆ. ಯಾರೂ ಇದರ ಮಾತೇ ಎತ್ತುವುದಿಲ್ಲ, ನಿಧಾನ ಅಂತ. ನಿಧಾನ ಹೌದು, ಹೆಚ್ಚೆಂದರೆ ಒಂದೆರಡು ಎಂಬಿಪಿಎಸ್. ಆದರೆ ರಿಟರ್ನ್ ಫಾರ್ಮ್ ತುಂಬಲಿಕ್ಕೆ ಅಷ್ಟು ಸಾಕು. ಫೋನಿನ ಬ್ಯಾಟರಿಯೂ ಬಹಳ ಹೊತ್ತು ಬಾಳುತ್ತದೆ.

ಟವರೇ ಮಲಗಿದ ದಿನ ಉಂಟಲ್ಲ, ಆಗ ಕೊಟ್ಟಿಗೆಹಾರ. ಅಲ್ಲಿಯ ನೀರುದೋಸೆ ಎಲ್ಲರಿಗೂ ಗೊತ್ತು. ಚಾರ್ಮಾಡಿ ಘಾಟಿ ಹತ್ತಿ ಬಂದ ಬಸ್ಸಿನವರೆಲ್ಲ ಇಳಿದು ತಿನ್ನುವ ಜಾಗ. ಕಾರು ಬದಿಗೆ ಹಾಕಿ, ಫೋನು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಲ್ಯಾಪ್‌ಟಾಪು ತೊಡೆಯ ಮೇಲೆ. ಹೋಟೆಲ್ಲಿನ, ಬಸ್‌ಸ್ಟ್ಯಾಂಡಿನ ಬಿಟ್ಟಿ ವೈಫೈ ಸಿಕ್ಕರೂ ಗಿರಾಕಿಗಳ ಲಾಗಿನ್ ಅದರಲ್ಲಿ ಮಾಡುವುದಿಲ್ಲ. ಪೇಟೆ ಕಡೆ ಹೋದಾಗ ನನ್ನ ಫೋನಿನಲ್ಲಿ ಒಮ್ಮೆ 5ಜಿ ಅಂತ ಬರುತ್ತದೆ, ಒಮ್ಮೆ 4ಜಿ ಅಂತ. ಹೀಗೆ ಹಾರುವಾಗ ಲೈನು ಒಂದು ಗಳಿಗೆ ನಿಲ್ಲುತ್ತದೆ. ಅದಕ್ಕೆ ನೆಟ್‌ವರ್ಕ್ ಬಗೆಯನ್ನು 4ಜಿಗೇ ಕಟ್ಟಿಹಾಕಿದ್ದೇನೆ. ಈ ಕೆಲಸಕ್ಕೆ ಓಟ ಬೇಡ, ನಡುವೆ ಕೈಬಿಡದಿದ್ದರೆ ಸಾಕು.

ಫೈಬರ್ ಹುಡುಗರು ಪುಷ್ಯ ಮಳೆ ಹಿಡಿದಮೇಲೆ ಒಂದು ದಿನ ಬಂದರು. ಬಿದ್ದ ಮರ ನೋಡಿ, ಫೋಟೋ ತೆಗೆದುಕೊಂಡು ಹೋದರು. ಮುಂದಿನ ಸುದ್ದಿ ಇಲ್ಲ.

ಸದ್ಯಕ್ಕೆ ಉಳಿದಿರುವ ತಲೆನೋವು ದೊಡ್ಡ ಫೈಲುಗಳದ್ದು. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಬ್ಯಾಕಪ್ಪನ್ನು ಡ್ರೈವ್‌ಗೆ ಏರಿಸಬೇಕು, ಅಪ್‌ಡೇಟುಗಳನ್ನೂ ಎಷ್ಟು ದಿನ ಅಂತ ಮುಂದೂಡುವುದು? ನನ್ನ ಪ್ಲಾನಿನಲ್ಲಿ ದಿನದ 2 ಜಿಬಿ ರಾತ್ರಿ 12ಕ್ಕೆ ಹೊಸದಾಗುತ್ತದೆ, ಉಳಿದದ್ದು ಮರುದಿನಕ್ಕೆ ಬರುವುದಿಲ್ಲ. ಹಾಗಾಗಿ ಊಟವಾದಮೇಲೆ ಎಷ್ಟು ಮಿಕ್ಕಿದೆ ಅಂತ ನೋಡಿ, ಮೀಟರ್ಡ್ ಸ್ವಿಚ್ ಆರಿಸಿ, ಮೊದಲು ಬ್ಯಾಕಪ್ಪು, ಜಾಗ ಉಳಿದರೆ ವಿಂಡೋಸ್‌ಗೆ ಬಿಡುತ್ತೇನೆ. ಹನ್ನೊಂದೂವರೆಗೆ ಸ್ವಿಚ್ ಮತ್ತೆ ಆನ್. ಅಪ್‌ಡೇಟು ಅರ್ಧಕ್ಕೆ ನಿಂತಿದ್ದರೆ ನಾಳೆ ರಾತ್ರಿ ಅಲ್ಲಿಂದಲೇ ಮುಂದುವರಿಯುತ್ತದೆ.